ಊರಿಗೆ ಬಂದವಳು ನೀರಿಗೆ ಬಾರದಿರುವಳೇ?

‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂಬ ಗಾದೆಯನ್ನು ನಮ್ಮ ಜನ ಆಡುವುದು ಬಹುಮಟ್ಟಿಗೆ ಎರಡು ಸಂದರ್ಭಗಳಲ್ಲಿ. ತೆಗೆದುಕೊಂಡ ಸಾಲವನ್ನು ತೀರಿಸದೆ ಮುಖ ಮರೆಸಿಕೊಂಡು ತಿರುಗುವವನನ್ನು ಕುರಿತು, ಅವಸರವೇಕೆ, ಸಂತೆಯ ದಿನವಾದರೂ ಕೈಗೆ ಸಿಕ್ಕಾನು ಎಂಬ ಧೈರ್ಯದಿಂದ ಒಮ್ಮೆ. ಓಣಿಗೆ ಹೊಸದಾಗಿ ಬಂದವರ ಮೋರೆ ಇನ್ನೂ ಕಾಣಲಿಲ್ಲವಲ್ಲ ಎಂದು ಚಡಪಡಿಸುವವರನ್ನು ಸಮಾಧಾನಪಡಿಸುವುದಕ್ಕಾಗಿ ಇನ್ನೊಮ್ಮೆ. ಎರಡರಲ್ಲಿಯೂ ಇರುವುದು ಕಾಯುವವರ ದೃಷ್ಟಿ. ಬಾವಿಕಟ್ಟೆಯ ಮೇಲೆ ಮೊದಲೇ ಬಂದು ಕುಳಿತವರ ದೃಷ್ಟಿ. ಕೊಡವನ್ನು ಸೊಂಟಕ್ಕಿಟ್ಟುಕೊಂಡು, ಸೆರಗನ್ನು ತಲೆಯ ಮೇಲೆಳೆದುಕೊಂಡು, ಪರಿಚಯವಿಲ್ಲದ ಓಣಿಯಲ್ಲಿ ಅಳುಕುತ್ತ ಬರುವವಳಿಗೆ ಆ ಬಾವಿ ಹೇಗೆ ಕಂಡಿತೆಂಬುದನ್ನು ಗಾದೆ ಹೇಳುವುದಿಲ್ಲ. ವ್ಯಾಖ್ಯಾನಕಾರನಿಗೆ ಅಷ್ಟು ಸ್ಥಳವನ್ನು ಅದು ತಾನಾಗಿಯೇ ಬಿಟ್ಟುಕೊಟ್ಟಿದೆಯೆಂದು ಭಾವಿಸಿ, ಒಂಟಿಯಾಗಿ ಬಾಳುವವರ ಪಕ್ಷವನ್ನು ವಹಿಸಿ ಅದನ್ನು ಓದಬೇಕೆಂಬುದು ನನ್ನ ಅಪೇಕ್ಷೆ.

ಗಾದೆಯಲ್ಲಿ ಬರುವವಳು ಸೊಸೆ. ಹೆಣ್ಣು ಪರವೂರಿಗೆ ಬರುವುದೆಂದರೆ ಗಂಡನ ಮನೆಗೆ ಬರುವುದೆಂಬುದು ಆ ಕಾಲದಲ್ಲಿ ಬಿಡಿಸಿ ಹೇಳಬೇಕಾಗಿಲ್ಲದಷ್ಟು ಸಹಜವಾಗಿತ್ತು. ಬರುವುದಕ್ಕೆ ಬೇರೆ ಕಾರಣವಾದರೂ ಏನಿತ್ತು? ಆದರೆ ಇಂದು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ಬಂದವಳು ಸೊಸೆಯೇ ಆಗಿರಬೇಕಾಗಿಲ್ಲ. ದೂರದ ಜಿಲ್ಲೆಯಿಂದ ನೇಮಕಗೊಂಡು ಬಂದ ಶಾಲೆಯ ಅಕ್ಕೋರು ಇದ್ದಾರೆ. ಆರೋಗ್ಯ ಕೇಂದ್ರದ ನರ್ಸಮ್ಮ ಇದ್ದಾರೆ. ತಂದೆತಾಯಿಗಳ ತರುವಾಯ ತವರಿನ ಹಳೆಯ ಮನೆಯಲ್ಲಿ ತಾನೊಬ್ಬಳೇ ಉಳಿದು, ಹೊಲಿಗೆಯ ಯಂತ್ರವೊಂದನ್ನೇ ನಂಬಿ, ಮದುವೆಯ ಗೊಡವೆಗೆ ಹೋಗದೆ ನಲವತ್ತನ್ನು ದಾಟಿದವಳಿದ್ದಾಳೆ. ನಳದ ಮುಂದೆ ಇವರನ್ನು ಎದುರುಗೊಳ್ಳುವ ಮೊದಲ ಪ್ರಶ್ನೆ, “ಯಾರ ಮನ್ಯಾಕಿ ಯವ್ವಾ ನೀನು?” ಎಂಬುದು. ಕೇಳಿದವಳಲ್ಲಿ ಕುಹಕವೇನೂ ಇರುವುದಿಲ್ಲ. ಊರೆಂಬ ದೊಡ್ಡ ಲೆಕ್ಕದಲ್ಲಿ ಈಕೆಯನ್ನು ಯಾವ ಮನೆಯ ಹೆಸರಿನ ಕೆಳಗೆ ಬರೆದುಕೊಳ್ಳಲಿ ಎಂಬಷ್ಟೇ ಅವಳ ವಿಚಾರ. “ನಾ ಒಬ್ಬಾಕೇ ಅದೀನಿ” ಎಂಬ ಉತ್ತರ ಬಂದಾಗಲೇ ತೊಡಕು. ಕೇಳಿದವಳ ಮುಖದಲ್ಲಿ ಮೊದಲು ಕನಿಕರವೂ, ಕನಿಕರದ ಬೆನ್ನಿಗೇ ಸಂಶಯವೂ ಸುಳಿಯುತ್ತವೆ. ಹೀಗೆ ಇರುವುದೇ ಆಕೆಗೆ ಹಿತವಾಗಿರಬಹುದೆಂಬ ಮೂರನೆಯ ಊಹೆಗೆ ಮಾತ್ರ ಅಲ್ಲಿ ಎಡೆಯಿರುವುದಿಲ್ಲ.

ಹೊಸಬರನ್ನು ಕಾಣದ ಸೀಮೆಯಾದರೆ ಇದನ್ನು ಕ್ಷಮಿಸಿಬಿಡಬಹುದಿತ್ತು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ ರಾಜಮನೆತನಗಳು ಶತಮಾನಗಟ್ಟಲೆ ಹೊಡೆದಾಡಿದವು. ಎರಡು ನದಿಗಳ ನಡುವೆ ಇದ್ದೂ ನೆಲ ಮಾತ್ರ ಮಳೆಗೇ ಬಾಯಿಬಿಟ್ಟುಕೊಂಡು ಕುಳಿತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿ, ಎಡದಂಡೆಯ ಕಾಲುವೆ ಸಿಂಧನೂರಿನ ಎರೆಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿದ ಮೇಲೆ, ಆ ನೀರಿನ ಜಾಡು ಹಿಡಿದು ಆಂಧ್ರದ ಒಕ್ಕಲು ಕುಟುಂಬಗಳು ಬಂದವು. ಅವರು ನೆಲೆನಿಂತ ಎಡೆಗಳೆಲ್ಲ ಕ್ಯಾಂಪುಗಳಾದವು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳಿಗೂ ಸಿಂಧನೂರಿನ ಬಳಿಯಲ್ಲಿಯೇ ಪುನರ್ವಸತಿ ದೊರೆಯಿತು. ಇಂದು ಸಿಂಧನೂರಿನ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿಗಳು ಒಂದೇ ಅಂಗಡಿಯ ಮುಂದೆ ಚೌಕಾಶಿ ಮಾಡುವುದನ್ನು ಕೇಳಬಹುದು. ಗುಂಪುಗುಂಪಾಗಿ ಬಂದವರೊಡನೆ ಇಷ್ಟು ಬೇಗ ಹೊಂದಿಕೊಂಡ ಊರು, ಒಬ್ಬಳಾಗಿ ಬಂದವಳ ಮುಂದೆ ತಡವರಿಸುವುದೇಕೆ? ಕಾರಣ ಪರಕೀಯತೆಯಲ್ಲವೆಂದು ತೋರುತ್ತದೆ. ಕ್ಯಾಂಪಿನವರ ಮಾತು ಬೇರೆಯಾದರೂ ಅವರ ಮನೆಗಳಲ್ಲಿ ಗಂಡ, ಹೆಂಡತಿ, ಅತ್ತೆ, ಕೂಸುಗಳೆಂಬ ಪರಿಚಿತ ವ್ಯವಸ್ಥೆಯುಂಟು. ಒಬ್ಬಳೇ ಇರುವವಳು ಸ್ವಂತ ಊರಿನವಳೇ ಆಗಿದ್ದರೂ ಆ ವ್ಯವಸ್ಥೆಯ ಹೊರಗಿನವಳು.

ಏಕಾಕಿಗಳನ್ನು ಈ ಸೀಮೆ ಗೌರವಿಸಲಿಲ್ಲವೆಂದು ಹೇಳಿದರೆ ಅದು ಅಪ್ಪಟ ಸುಳ್ಳಾದೀತು. ಸಿಂಧನೂರು ತಾಲ್ಲೂಕಿನ ಸಿದ್ಧಪರ್ವತದಲ್ಲಿ ಅಂಬಾದೇವಿಯ ಸನ್ನಿಧಿಯೊಂದಿದೆ. ಅಂಬಾಮಠವೆಂದೇ ಅದರ ಪ್ರಸಿದ್ಧಿ. ‘ಜ್ಞಾನಸಿಂಧು’ವನ್ನು ಬರೆದ ಚಿದಾನಂದಾವಧೂತರ ತಪಸ್ಸಿನ ನೆಲೆ ಅದು. ಅವರು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ದೇವೀಪುರಾಣವನ್ನು ಉತ್ತರ ಕರ್ನಾಟಕದ ಅಸಂಖ್ಯ ಮನೆಗಳಲ್ಲಿ ನವರಾತ್ರಿಯ ದಿನಗಳಲ್ಲಿ ಘಟಸ್ಥಾಪನೆ ಮಾಡಿ, ದೀಪವನ್ನು ಆರಗೊಡದೆ, ಮುತ್ತೈದೆಯರೂ ಮಕ್ಕಳೂ ಸುತ್ತ ಕುಳಿತು ಪಾರಾಯಣ ಮಾಡುತ್ತಾರೆ. ಮನೆಯನ್ನೇ ಬಿಟ್ಟವನ ಕೃತಿ ಮನೆತುಂಬಿದ ಸಂಸಾರಿಗಳ ಮಂಗಳಗ್ರಂಥವಾದುದು ವಿಚಿತ್ರವೆಂದು ಯಾರಿಗೂ ಅನ್ನಿಸಿಲ್ಲ. ಅಲ್ಲಿಯ ಜಾತ್ರೆಗೆ ಗಾಡಿ ಕಟ್ಟಿಕೊಂಡು, ಟ್ರ್ಯಾಕ್ಟರು ಹತ್ತಿಕೊಂಡು ಸಂಸಾರಸಮೇತರಾಗಿ ಬರುವ ಸಹಸ್ರಾರು ಜನರಲ್ಲಿ ಒಬ್ಬರಾದರೂ, ಅವಧೂತರಿಗೆ ಹೆಂಡತಿಮಕ್ಕಳು ಏಕಿರಲಿಲ್ಲ ಪಾಪ ಎಂದು ಮರುಗಿದ್ದುಂಟೆ?

ಲಿಂಗಸುಗೂರಿಗೆ ನೆರೆಯ ಇಳಕಲ್ಲಿನ ಚಿತ್ತರಗಿ ಪೀಠದ ಮಹಾಂತ ಶಿವಯೋಗಿಗಳದು ನಮ್ಮ ಕಣ್ಣೆದುರಿನ ನಿದರ್ಶನ. 1975ರಲ್ಲಿ ಅವರು ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಓಣಿಓಣಿಗೆ ಹೊರಟದ್ದು ಧಾನ್ಯವನ್ನು ಬೇಡುವುದಕ್ಕಲ್ಲ; ನಿಮ್ಮ ಸೆರೆ, ಬೀಡಿ, ತಂಬಾಕುಗಳ ಚಟವನ್ನು ಇದರೊಳಗೆ ಹಾಕಿರಿ ಎಂದು ಕೇಳುವುದಕ್ಕೆ. 2018ರಲ್ಲಿ ಅವರು ಲಿಂಗೈಕ್ಯರಾಗುವವರೆಗೂ ಆ ಜೋಳಿಗೆ ನಡೆಯಿತು. ಕುಡುಕನ ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತ ನೋಡುತ್ತಿದ್ದ ಆ ವಿರಕ್ತರಿಗೆ ಸ್ವಂತ ಸಂಸಾರವಿಲ್ಲದಿದ್ದುದರಿಂದಲೇ ಅಷ್ಟು ಸಂಸಾರಗಳ ಹೊಸ್ತಿಲು ತುಳಿಯುವ ಅಧಿಕಾರ ಬಂದಿತ್ತು.

ಇಲ್ಲಿ ನಮ್ಮ ಗಾದೆ ಮೆಲ್ಲನೆ ತನ್ನ ಇನ್ನೊಂದು ಅರ್ಥವನ್ನು ತೋರುತ್ತದೆ. ಅವಧೂತನಿಗೂ ಭಿಕ್ಷಾನ್ನವನ್ನು ಊರೇ ನೀಡಬೇಕು. ಜೋಳಿಗೆಯೂ ಊರೊಳಗೆ ಬಾರದೆ ತುಂಬದು. ಒಂಟಿಯಾದವನಿಗೆ ಜನ ಬೇಡವೆಂಬುದು ಲೋಕದ ತಪ್ಪು ತಿಳಿವಳಿಕೆ. ಸಂಸಾರಿಯಾದವನು ತನ್ನ ಅಗತ್ಯಗಳಲ್ಲಿ ಬಹುಪಾಲನ್ನು ನಾಲ್ಕು ಗೋಡೆಗಳೊಳಗಿನ ನಾಲ್ಕು ಜನರಿಂದಲೇ ತೀರಿಸಿಕೊಳ್ಳುತ್ತಾನೆ. ಏಕಾಕಿಯಾದವನು ಅವನ್ನೇ ಊರಿನ ನಾನಾ ಜನರಲ್ಲಿ ಸ್ವಲ್ಪಸ್ವಲ್ಪವಾಗಿ ಹಂಚಿಕೊಂಡಿರುತ್ತಾನೆ. ಹಾಲಿನವಳು, ಖಾನಾವಳಿಯ ಯಜಮಾನ, ಕಿರಾಣಿ ಅಂಗಡಿಯ ಶೆಟ್ಟರು, ಪಕ್ಕದ ಮನೆಯ ಮುದುಕಿ, ವಾಚನಾಲಯದಲ್ಲಿ ದಿನವೂ ಪತ್ರಿಕೆಯ ಅರ್ಧಭಾಗವನ್ನು ಬಿಟ್ಟುಕೊಡುವ ನಿವೃತ್ತ ಮಾಸ್ತರರು, ಇವರೆಲ್ಲ ಕೂಡಿ ಅವನ ಮನೆ. ನೀರಿಗೆ ಬರುವ ಅಗತ್ಯ ಅವನಿಗೆ ಇತರರಿಗಿಂತ ಹೆಚ್ಚು.

ಹಾಗಾದರೆ ಕಾವಿಯುಟ್ಟವರಿಗೆ ಸಲ್ಲುವ ಈ ಸಮ್ಮತಿ ಅಕ್ಕೋರಿಗೆ ಸಲ್ಲದಿರುವುದೇಕೆ? ಉತ್ತರವನ್ನು ಮಸ್ಕಿಯ ಬಂಡೆಯ ಬಳಿ ಹುಡುಕಬಹುದೆಂದು ನನಗೆ ತೋರುತ್ತದೆ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತ ಬಂದ ಬೀಡನ್ ಎಂಬ ಇಂಜಿನಿಯರನಿಗೆ ಅಲ್ಲಿಯ ಗುಡ್ಡದ ಮಗ್ಗುಲಲ್ಲಿ ದೊರೆತ ಆ ಶಾಸನ, ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಹೆಸರು ಹಿಡಿದು ತಿಳಿಸಿದ್ದರಿಂದ ಜಗತ್ಪ್ರಸಿದ್ಧವಾಯಿತು. ಶಾಲೆಯ ಮಕ್ಕಳಿಗೂ ಈಗ ಅಷ್ಟು ಗೊತ್ತು. ಆದರೆ ಹೆಸರಿನ ಸಂಭ್ರಮದಲ್ಲಿ ಶಾಸನದ ತಾತ್ಪರ್ಯ ಮರೆತುಹೋಗಬಾರದು. ಧರ್ಮದಲ್ಲಿ ಶ್ರದ್ಧೆಯಿಂದ ಪ್ರವೃತ್ತನಾದರೆ ಅಲ್ಪನಾದವನಿಗೂ ಆ ಉನ್ನತಿ ದೊರೆಯಬಲ್ಲುದು, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಲಾಗದು ಎಂಬುದು ಅಲ್ಲಿಯ ಬೋಧೆ. ಚಕ್ರವರ್ತಿಯೊಬ್ಬನು ಸಣ್ಣವರ ಪರವಾಗಿ ಬಂಡೆಯ ಮೇಲೆ ಬರೆಸಿದ ಮಾತು ಅದು. ಒಂಟಿತನದ ಸಮಾಧಾನವನ್ನು ನಾವು ಇಂದಿಗೂ ದೊಡ್ಡವರಿಗೇ ಮೀಸಲಿಟ್ಟಿದ್ದೇವೆ. ತಪಸ್ಸು ಮಾಡಿದರೆ, ಪೀಠವೇರಿದರೆ, ಪುರಾಣ ಬರೆದರೆ ಏಕಾಂತ ಶೋಭಿಸುತ್ತದೆ. ತನ್ನ ಕೆಲಸವನ್ನು ತಾನು ಮಾಡಿಕೊಂಡು, ಸಂಜೆ ಹೊತ್ತು ಕಟ್ಟೆಯ ಮೇಲೆ ಕುಳಿತು ಗಾಳಿ ಸೇವಿಸುವ ಸಾಮಾನ್ಯನಿಗೆ ಅದು ಶೋಭಿಸದು! ಯಾವ ಸಾಧನೆಯನ್ನೂ ಜಾಮೀನಾಗಿ ಇಡದೆ ಒಬ್ಬನೇ ಇರುವ ಹಕ್ಕು ಸಣ್ಣವರಿಗೂ ಉಂಟೆಂದು ಆ ಬಂಡೆಯ ಬೋಧೆಯನ್ನು ಸ್ವಲ್ಪ ಹಿಗ್ಗಿಸಿ ಓದಿದರೆ ಅಶೋಕನೇನೂ ಮುನಿದಾನೆಂದು ನಾನು ಹೆದರುವುದಿಲ್ಲ.

ಇಷ್ಟು ಹೇಳುವಾಗ ಒಂದು ಎಚ್ಚರಿಕೆ ಅವಶ್ಯಕ. ಒಂಟಿಯಾಗಿರುವವರೆಲ್ಲರೂ ಒಲಿದು ಒಂಟಿಯಾದವರಲ್ಲ. ದೇವರಿಗೆ ಬಿಟ್ಟರೆಂಬ ಹೆಸರಿನಲ್ಲಿ, ಕೊರಳಿಗೆ ಮುತ್ತು ಕಟ್ಟಿ, ಗಂಡನಿಲ್ಲದ ಬಾಳಿಗೆ ಎಳೆವಯಸ್ಸಿನಲ್ಲಿಯೇ ನೂಕಲ್ಪಟ್ಟ ಹೆಣ್ಣುಮಕ್ಕಳು ಈ ಸೀಮೆಯಲ್ಲಿ ಇದ್ದರು. 1982ರ ದೇವದಾಸಿ ನಿಷೇಧ ಕಾಯಿದೆಯ ತರುವಾಯವೂ ಅವರಲ್ಲಿ ಮುದುಕಿಯರಾದವರು ಇದ್ದಾರೆ. ಮುಂಗಾರು ಕೈಕೊಟ್ಟ ವರ್ಷ ಮಸ್ಕಿ ಲಿಂಗಸುಗೂರುಗಳ ಒಣಬೇಸಾಯದ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಮಗ, ಸೊಸೆ, ಮೊಮ್ಮಕ್ಕಳು ಬೆಂಗಳೂರಿಗೋ ಪುಣೆಗೋ ಗುಳೆ ಹೋದರೆ, ಬೀಗ ಹಾಕಿದ ಮನೆಗಳ ಸಾಲಿನಲ್ಲಿ ಒಂದು ಬಾಗಿಲು ಮಾತ್ರ ತೆರೆದಿರುತ್ತದೆ. ಒಳಗೆ ನಡೆಯಲಾರದ ಮುದುಕಿಯೊಬ್ಬಳಿರುತ್ತಾಳೆ. ಇವರ ಮುಂದೆ ಏಕಾಂತದ ಸೊಗಸನ್ನು ಬಣ್ಣಿಸುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ಒಲ್ಲೆನೆನ್ನುವ ಸ್ವಾತಂತ್ರ್ಯವಿದ್ದವರ ಒಂಟಿತನವನ್ನು ಕುರಿತೇ ತೃಪ್ತಿಯ ಮಾತನ್ನಾಡಬಹುದು.

ಆ ತೃಪ್ತಿಯ ಸ್ವರೂಪವೇನು? ಅದರಲ್ಲಿ ಅಲೌಕಿಕವಾದುದೇನೂ ಇಲ್ಲ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ, 1905ರವರೆಗೆ, ಲಿಂಗಸುಗೂರೇ ಒಂದು ಜಿಲ್ಲೆಯಾಗಿತ್ತು. ದಂಡಿನ ನೆಲೆಯೂ ಆಗಿತ್ತು. ವರ್ಗವಾಗಿ ಬಂದು ಹೋಗುವ ನೌಕರರ ಕಾಲು ಆ ಊರಿಗೆ ಅಂದಿನಿಂದಲೂ ಬಳಕೆ. ಇಂದು ಬಸ್ ನಿಲ್ದಾಣದ ಆಸುಪಾಸಿನ ಯಾವುದಾದರೂ ಖಾನಾವಳಿಯನ್ನು ಹೊಕ್ಕರೆ, ಎರಡು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಬಟ್ಟಲು ಮೊಸರುಗಳ ಮುಂದೆ ಯಾರೊಡನೆಯೂ ಮಾತನಾಡಬೇಕಾದ ಒತ್ತಾಯವಿಲ್ಲದೆ, ಆದರೆ ಯಾರೊಡನೆಯಾದರೂ ಮಾತನಾಡಬಹುದೆಂಬ ನೆಮ್ಮದಿಯಿಂದ ಕುಳಿತ ನಡುವಯಸ್ಸಿನ ಗೃಹಸ್ಥನನ್ನು, ಅಥವಾ ಗೃಹಸ್ಥನಲ್ಲದವನನ್ನು, ಕಾಣಬಹುದು. ಬಡಿಸುವ ಹುಡುಗ ಕೇಳದೆಯೇ ಹಸಿ ಈರುಳ್ಳಿಯನ್ನು ಹೆಚ್ಚಿಗೆ ಇಡುತ್ತಾನೆ. ಅಕ್ಕೋರ ಮನೆಯಲ್ಲಿಯಾದರೆ ಭಾನುವಾರ ಒಂದೇ ದಿನ ಸುಟ್ಟು ಒಣಗಿಸಿಟ್ಟ ಖಡಕ್ ರೊಟ್ಟಿ ವಾರವೆಲ್ಲ ಬರುತ್ತದೆ. ಬೇಸಗೆಯ ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡರೆ ದೀಪ ಆರಿಸೆಂದು ಗೊಣಗುವವರಿಲ್ಲ. ಒಂದು ಕಾದಂಬರಿಯನ್ನು ನಸುಕಿನವರೆಗೆ ಓದಿ ಮುಗಿಸಿದರೆ ಲೆಕ್ಕ ಕೇಳುವವರಿಲ್ಲ. ಸಂಬಳದಲ್ಲಿ ತಮ್ಮನ ಮಗಳ ಓದಿಗೆಷ್ಟು, ತನಗೆಷ್ಟು ಎಂಬುದನ್ನು ತಾನೇ ನಿಶ್ಚಯಿಸುವ ಸುಖವನ್ನು, ಕೂಡುಮನೆಯಲ್ಲಿ ಮೂವತ್ತು ವರ್ಷ ದುಡಿದೂ ಕಾಣದ ಸೊಸೆಯರು ಎಷ್ಟು ಜನವಿಲ್ಲ!

ದುಃಖಗಳೂ ಉಂಟು, ಅವನ್ನು ಮರೆಮಾಚಬೇಕಾಗಿಲ್ಲ. ಜ್ವರ ಬಂದ ರಾತ್ರಿ ಗಂಜಿ ಕಾಸುವವರು ಯಾರು? ಸೀಮಂತ, ತೊಟ್ಟಿಲುಗಳಿಗೆ ಕರೆ ಬಾರದಿರುವುದೂ, ಬಂದರೂ ಮುಂದಿನ ಸಾಲಿನಲ್ಲಿ ಕೂಡಿಸದಿರುವುದೂ ನೋಯಿಸದೆ ಇರುತ್ತವೆಯೆ? ಆದರೆ ಇದೇ ಊರು, ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲುವುದಕ್ಕೆ ಬಂಡಿ ಹೂಡುವಾಗ, “ಅಕ್ಕೋರ, ಹೊಲಕ್ಕ ಬರ್ರಿ, ಒಬ್ರೇ ಏನ್ ಕುಂದರ್ತೀರಿ” ಎಂದು ಬಾಗಿಲಿಗೆ ಬಂದು ಕರೆಯುತ್ತದೆ. ಸಜ್ಜೆಯ ಕಡುಬು, ಭಜ್ಜಿಪಲ್ಯ, ಎಳ್ಳುಹೋಳಿಗೆಗಳನ್ನು ಬನ್ನಿಯ ಗಿಡದ ನೆರಳಲ್ಲಿ ಬಡಿಸುವಾಗ ಯಾರ ಮನೆಯವಳೆಂಬ ಪ್ರಶ್ನೆ ಏಳುವುದಿಲ್ಲ. ಆ ಹೊತ್ತಿಗೆ ಅವಳು ಊರಿನವಳು. ನಳದ ಮುಂದೆ ಸಂಶಯಪಟ್ಟ ಹೆಂಗಸೇ ಎರಡನೆಯ ಸಲ ಪಲ್ಯ ಹಾಕುತ್ತಾಳೆ.

ಈಗ ಬಾವಿಕಟ್ಟೆಗಳು ಪಾಳುಬಿದ್ದು, ಮನೆಮನೆಗೂ ನಳ ಬರುತ್ತಿದೆ. ಊರಿಗೆ ಬಂದವಳು ನೀರಿಗೆ ಬಾರದೆಯೂ ಇರಬಹುದಾದ ಕಾಲ ಬಂತೆಂದು ಗಾದೆಯನ್ನು ಅಟ್ಟಕ್ಕೇರಿಸುವಷ್ಟರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಎದ್ದು ನಿಂತವು. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಅಲ್ಲಿಯ ಸಾಲಿನಲ್ಲಿ ಗಂಡಸರೂ ನಿಂತಿರುವುದು ಹೊಸತು, ಕುತೂಹಲ ಮಾತ್ರ ಹಳೆಯದೇ. ಸಿಂಧನೂರಿನಲ್ಲಿ ಬಾಡಿಗೆಯ ಕೋಣೆ ಕೇಳಲು ಹೋದವರಿಗೆ “ಫ್ಯಾಮಿಲಿ ಐತೇನ್ರಿ?” ಎಂಬ ರೂಪದಲ್ಲಿ ಅದೇ ಕುತೂಹಲ ಎದುರಾಗುತ್ತದೆ; ಇಲ್ಲವೆಂದರೆ ಬಾಡಿಗೆ ಏರುತ್ತದೆ, ಇಲ್ಲವೆ ಕೋಣೆಯೇ ಖಾಲಿಯಿಲ್ಲವಾಗುತ್ತದೆ.

ಈ ವಿಷಯದಲ್ಲಿ ಸರಕಾರ ಓಣಿಗಿಂತ ಒಂದು ಹೆಜ್ಜೆ ಮುಂದೆ ನಡೆದಿರುವುದನ್ನು ಒಪ್ಪಬೇಕು. 2013ರಲ್ಲಿ ಕರ್ನಾಟಕವು ‘ಮನಸ್ವಿನಿ’ ಎಂಬ ಯೋಜನೆಯನ್ನು ತಂದು, ನಲವತ್ತರಿಂದ ಅರವತ್ತನಾಲ್ಕರವರೆಗಿನ ಅವಿವಾಹಿತ ಹಾಗೂ ವಿಚ್ಛೇದಿತ ಬಡ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿಯ ಮಾಸಾಶನವನ್ನು ಗೊತ್ತುಮಾಡಿತು. ಮುಂದೆ ಅದು 800 ಆಯಿತು. ಮೊತ್ತವನ್ನು ನೋಡಿದರೆ ಹೊಗಳುವಂಥದೇನೂ ಇಲ್ಲ. ಖಾನಾವಳಿಯ ಅರ್ಧ ತಿಂಗಳ ಊಟಕ್ಕೂ ಅದು ಸಾಲದು. ಆದರೆ ಮದುವೆಯಾಗದ ಹೆಂಗಸನ್ನು ಯಾರ ಮಗಳೆಂದಾಗಲಿ ಯಾರ ವಿಧವೆಯೆಂದಾಗಲಿ ಕರೆಯದೆ, ಆಕೆ ಇದ್ದಂತೆಯೇ ದಫ್ತರದಲ್ಲಿ ಬರೆದುಕೊಂಡದ್ದು ಸಣ್ಣ ಸಂಗತಿಯಲ್ಲ. ನಾಡಕಚೇರಿಗೆ ಅರ್ಜಿ ಕೊಡಲು ಹೋದವಳು ಅಲ್ಲಿಯ ಗುಮಾಸ್ತನಿಗೆ ತಾನೇಕೆ ಮದುವೆಯಾಗಲಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ, ಆಗಿಲ್ಲವೆಂದರೆ ಸಾಕು. ಅರವತ್ತೈದು ತುಂಬಿದ ಮೇಲೆ ಅವಳು ಆ ವಯಸ್ಸಿನ ಬಡವರಿಗೆಲ್ಲ ಸಲ್ಲುವ ವೃದ್ಧಾಪ್ಯದ ಪಿಂಚಣಿಯ ಪಟ್ಟಿಗೆ ಸೇರುತ್ತಾಳೆ, ಮತ್ತು ತಿಂಗಳ ಮೊದಲ ವಾರ ಮಸ್ಕಿಯ ಬ್ಯಾಂಕಿನ ಮುಂದೆ ಆರು ಮಕ್ಕಳ ತಾಯಿಯೂ ಅವಳೂ ಒಂದೇ ಸಾಲಿನಲ್ಲಿ ನಿಂತು, ಮಳೆಯ ಮಾತನ್ನೂ ಮೊಣಕಾಲಿನ ನೋವಿನ ಮಾತನ್ನೂ ಆಡುತ್ತಿರುತ್ತಾರೆ.