ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು

ಒಬ್ಬರ ಪರವಾಗಿ ಇನ್ನೊಬ್ಬರು ನಿಲ್ಲುವುದು ಸಾಧ್ಯವೇ? ಕೋರ್ಟಿನಲ್ಲಿ ವಕೀಲರು ನಿಲ್ಲುತ್ತಾರೆ, ವಿಧಾನಸಭೆಯಲ್ಲಿ ಶಾಸಕರು ನಿಲ್ಲುತ್ತಾರೆ, ಮದುವೆ ಮಾತುಕತೆಯಲ್ಲಿ ಸೋದರಮಾವ ನಿಲ್ಲುತ್ತಾನೆ. ನಾನು ಹುಟ್ಟಿ ಬೆಳೆದ ಜೈನ ಮನೆಯಲ್ಲಿ ಮೊದಲು ಕಲಿಸಿದ ಪಾಠ ಮಾತ್ರ ಇದಕ್ಕೆ ಎದುರಾದದ್ದು. ಮತ್ತೆ ಮತ್ತೆ ಚಿಂತಿಸಬೇಕಾದ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಏಕತ್ವ ಎಂಬುದು ಒಂದು. ಜೀವ ಒಂಟಿಯಾಗಿ ಹುಟ್ಟುತ್ತದೆ, ಒಂಟಿಯಾಗಿ ಸಾಯುತ್ತದೆ, ಕಟ್ಟಿಕೊಂಡ ಕರ್ಮವನ್ನು ತಾನೇ ಉಣ್ಣುತ್ತದೆ. ತಾಯಿಯಾಗಲಿ, ಗುರುವಾಗಲಿ, ಸ್ವತಃ ತೀರ್ಥಂಕರನಾಗಲಿ ಅದರಲ್ಲಿ ಪಾಲು ತೆಗೆದುಕೊಳ್ಳುವಂತಿಲ್ಲ. ದೂಧಗಂಗೆಯ ದಂಡೆಯ ನಮ್ಮ ಹಳ್ಳಿಯಲ್ಲಿ ಅಜ್ಜಿ ಇದನ್ನು ಹೇಳಿಕೊಡುವಾಗ ನನಗೆ ಭಯವಾಗುತ್ತಿತ್ತು. ಮುಂದೆ ಚಿಕ್ಕೋಡಿ ಸೀಮೆಯ ಕಾಲೇಜುಗಳಲ್ಲಿ ತರ್ಕಶಾಸ್ತ್ರ, ತತ್ತ್ವಶಾಸ್ತ್ರ ಕಲಿಸುತ್ತ ವಯಸ್ಸಾಯಿತು. ಭಯ ಹೋಯಿತು, ಪ್ರಶ್ನೆ ಉಳಿಯಿತು: ಪ್ರತಿ ಜೀವವೂ ಒಂಟಿಯೇ ಆಗಿದ್ದರೆ ಪ್ರತಿನಿಧಿ ಅನ್ನುವವನು ಯಾರು?

ಈ ಪ್ರಶ್ನೆ ಈಗ ಮತ್ತೆ ಎದುರಿಗೆ ಬಂದಿರುವುದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ 1980ರ ದಶಕದ ಕೊನೆಯ ಹೊತ್ತಿಗೆ ನಿಂತುಹೋಯಿತು. ಹೊಡೆದಾಟ, ಜಾತಿ, ಪಕ್ಷದ ಹಣ ಇವು ಆಗ ಕೊಟ್ಟ ಕಾರಣಗಳು. ಮತ್ತೆ ಚುನಾವಣೆ ತರಬೇಕೆಂಬ ಮಾತು ಎದ್ದಿರುವುದರಿಂದ ನಮ್ಮ ಕಡೆಯ ಕಾಲೇಜು ಹುಡುಗರೂ ಪೆನ್ನು ಹಿಡಿದಿದ್ದಾರೆ. ಹೋದ ಮಳೆಗಾಲದಲ್ಲಿ ಒಂದು ಗುಂಪು ತಮ್ಮ ವಿದ್ಯಾರ್ಥಿ ಸಂಘದ, ಅಂದರೆ ಜಿಮಖಾನಾದ, ಹೊಸ ‘ಘಟನೆ’ಯ (ಸಂವಿಧಾನದ) ಕರಡನ್ನು ನನಗೆ ತೋರಿಸಲು ತಂದಿತ್ತು. ನಾನು ಓದುವ ಕಾಲದ ಶಬ್ದಗಳೆಲ್ಲ ಅದರಲ್ಲಿದ್ದವು: ಜನರಲ್ ಸೆಕ್ರೆಟರಿ ಅಂದರೆ ಜಿ.ಎಸ್., ವಿಶ್ವವಿದ್ಯಾಲಯ ಪ್ರತಿನಿಧಿ ಯು.ಆರ್., ಹುಡುಗಿಯರ ಪ್ರತಿನಿಧಿ ಎಲ್.ಆರ್., ವರ್ಗ ಪ್ರತಿನಿಧಿ ಸಿ.ಆರ್. ಜನರಲ್ ಸೆಕ್ರೆಟರಿಯನ್ನು ಎಲ್ಲರೂ ಮತ ಹಾಕಿ ಆರಿಸುವುದು, ಉಳಿದಂತೆ ಪ್ರತಿ ವರ್ಗದಿಂದ ಹಿಂದಿನ ವರ್ಷ ಹೆಚ್ಚು ಅಂಕ ಪಡೆದವರನ್ನು ಪ್ರತಿನಿಧಿಯಾಗಿ ತೆಗೆದುಕೊಳ್ಳುವುದು, ಹುಡುಗಿಯರಿಗೆ ಒಂದು ಸ್ಥಾನ. ಅಂಕದ ಮೇಲೆ ಪ್ರತಿನಿಧಿ ಮಾಡುವ ಪದ್ಧತಿ ನಮ್ಮವರಿಗೆ ಅಪರಿಚಿತವಲ್ಲ. ನದಿಯಾಚೆ ಮಹಾರಾಷ್ಟ್ರದ 1994ರ ವಿಶ್ವವಿದ್ಯಾಲಯ ಕಾಯ್ದೆ ಅದನ್ನೇ ತಂದಿತ್ತು. 2016ರ ಕಾಯ್ದೆ ಅದನ್ನು ಬದಲಿಸಿ ಚುನಾವಣೆಯನ್ನು, ಅದರ ಜೊತೆಗೆ ಮಹಿಳೆಯರಿಗೂ ಹಿಂದುಳಿದವರಿಗೂ ಸ್ಥಾನಗಳನ್ನು ಬರೆಯಿತು. ಕಾಗವಾಡದವರಿಗೆ ಮಿರಜ-ಸಾಂಗಲಿ, ನಿಪ್ಪಾಣಿಯವರಿಗೆ ಕೊಲ್ಲಾಪುರ ಬೆಳಗಾವಿಗಿಂತ ಹತ್ತಿರ. ಅಲ್ಲಿಯ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಓದುವ ಅಣ್ಣ-ಅಕ್ಕಂದಿರಿಂದ ಇಂಥ ಸುದ್ದಿ ಇಲ್ಲಿಗೆ ಬೇಗ ಬರುತ್ತದೆ.

ಗುಂಪಿನಲ್ಲಿ ಮಾತಾಡದೆ ಕೂತಿದ್ದ ಒಬ್ಬ ಹುಡುಗಿ ಕೊನೆಗೆ ಕೇಳಿದಳು: “ಬಸ್ಸಿನ್ಯಾಗ ಬರೋರದು ಯಾರ ಹೇಳ್ತಾರ್ರಿ ಮೇಡಂ? ಸಂಜಿ ಬಸ್ಸ ತಪ್ಪಿತಂದ್ರ ಮನ್ಯಾಗ ಕಾಲೇಜ ಬಿಡಸ್ತೀವಿ ಅಂತಾರು.”

“ಫಸ್ಟ್ ಬಂದಾಕಿ ಹೇಳೂದಿಲ್ಲೇನವಾ? ಆಕಿ ಒಳ್ಳೇಕಿ ಅಲ್ಲೇನು?”

“ಒಳ್ಳೇಕಿನ ಅದಾಳ್ರಿ. ಆದ್ರ ಬಸ್ಸಿನ್ಯಾಗ ಇಲ್ಲಲ್ರಿ.”

ನಾನು ವರ್ಷಗಟ್ಟಲೆ ಪಾಠ ಮಾಡಿದ ಜೈನರ ‘ನಯವಾದ’ವೆಂಬ ಸಿದ್ಧಾಂತ ಈ ಒಂದು ಮಾತಿನಲ್ಲಿದೆ. ವಸ್ತುವಿಗೆ ಅನೇಕ ಧರ್ಮಗಳಿವೆ, ನೋಡುವವನು ತಾನು ನಿಂತ ಕಡೆಯಿಂದ ಒಂದನ್ನು ಹಿಡಿಯುತ್ತಾನೆ. ಹಾಗೆ ಹಿಡಿದದ್ದು ನಯ, ಅದು ಸುಳ್ಳಲ್ಲ. ಆದರೆ ತಾನು ಹಿಡಿದದ್ದೇ ಪೂರ್ತಿ ಎಂದು ಉಳಿದವನ್ನು ಅಲ್ಲಗಳೆದ ಕ್ಷಣ ಅದು ದುರ್ನಯವಾಗುತ್ತದೆ. ಜೈನ ತಾರ್ಕಿಕರು ಈ ಗೆರೆಯನ್ನು ಬಹಳ ಎಚ್ಚರದಿಂದ ಎಳೆದಿದ್ದಾರೆ. ಮೊದಲ ರ್‍ಯಾಂಕಿನ ಹುಡುಗಿ ಕಾಣುವುದು ಒಂದು ನಯ. ಲೈಬ್ರರಿ ಸಂಜೆ ಏಳರವರೆಗೆ ತೆರೆದಿರಲಿ ಎಂದು ಆಕೆ ಕೇಳುತ್ತಾಳೆ, ಅದು ನ್ಯಾಯವಾದದ್ದು. ಆದರೆ ಸಭೆಯಲ್ಲಿ ಕೂತವರೆಲ್ಲ ಊರೊಳಗೇ ಇರುವವರಾದರೆ ‘ವಿದ್ಯಾರ್ಥಿಗಳ ಬೇಡಿಕೆ’ ಎಂದು ಬರೆದದ್ದು ಅರ್ಧ ವಿದ್ಯಾರ್ಥಿಗಳ ಬೇಡಿಕೆಯಾಗಿರುತ್ತದೆ. ಆ ಹುಡುಗಿಯ ಒಳ್ಳೆಯತನ ಇಲ್ಲಿ ಸಾಲದು. ಬಸ್ಸಿನಲ್ಲಿ ನಿಂತು ಬರುವ ದೇಹಕ್ಕೆ ಗೊತ್ತಿರುವುದು ಅಂಕಪಟ್ಟಿಗೆ ಗೊತ್ತಿರುವುದಿಲ್ಲ.

ಇದನ್ನು ರಾಜಕೀಯದ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿದವರು ಅಂಬೇಡ್ಕರ್. 1919ರಲ್ಲಿ, ಇನ್ನೂ ಮೂವತ್ತರೊಳಗಿನ ಅಧ್ಯಾಪಕರಾಗಿದ್ದಾಗ, ಮತಾಧಿಕಾರದ ವಿಚಾರಕ್ಕೆ ಬಂದ ಸೌತ್‌ಬರೋ ಸಮಿತಿಯ ಮುಂದೆ ಅವರು ಸಾಕ್ಷ್ಯ ಹೇಳಿದರು. ಅಭಿಪ್ರಾಯಗಳಿಗೆ ಪ್ರಾತಿನಿಧ್ಯ ಸಿಕ್ಕರೆ ಸಾಲದು, ಆ ಜನರೇ ಅಲ್ಲಿ ಇರಬೇಕು ಎಂಬುದು ಅವರ ವಾದದ ತಿರುಳು. ಅಸ್ಪೃಶ್ಯರ ಕಷ್ಟವನ್ನು ದಯಾಳುವಾದ ಸವರ್ಣೀಯ ಹೇಳಿಬಿಟ್ಟರೆ ಆಯಿತಲ್ಲ ಎನ್ನುವವರಿಗೆ ಅದು ಉತ್ತರವಾಗಿತ್ತು. ಆರು ವರ್ಷಗಳ ನಂತರ, 1925ರ ಏಪ್ರಿಲ್‌ನಲ್ಲಿ, ಮುಂಬಯಿ ಪ್ರಾಂತೀಯ ಬಹಿಷ್ಕೃತ ಪರಿಷತ್ತು ನಮ್ಮ ನಿಪ್ಪಾಣಿಯಲ್ಲೇ ನಡೆಯಿತು, ಅವರು ಅಲ್ಲಿಗೆ ಬಂದು ಮಾತಾಡಿದರು. ತಂಬಾಕಿನ ಪೇಟೆ ಎಂದು ಹೆಸರಾದ ಊರಿಗೆ ಈ ಹೆಸರೂ ಇದೆ ಎಂಬುದನ್ನು ನಮ್ಮ ಕಾಲೇಜಿನ ಮಕ್ಕಳು ತಿಳಿಯಬೇಕು. ಮೀಸಲು ಸ್ಥಾನದಿಂದ ವಿದ್ಯಾರ್ಥಿಗಳು ಜಾತಿಜಾತಿಯಾಗಿ ಒಡೆಯುತ್ತಾರೆ ಎಂದು ಕರಡು ತಂದ ಹುಡುಗರಲ್ಲಿ ಒಬ್ಬ ಆಕ್ಷೇಪಿಸಿದ. ಒಡಕು ಮೊದಲೇ ಇದೆ, ಹಾಸ್ಟೆಲಿನ ಊಟದ ಸಾಲಿನಲ್ಲಿದೆ, ಊರಿನ ಬಾವಿಯಲ್ಲಿತ್ತು. ಸ್ಥಾನ ಕೊಡುವುದರಿಂದ ಅದು ಹುಟ್ಟುವುದಿಲ್ಲ, ಕಾಣಿಸುತ್ತದೆ. ಕಾಣಿಸಿದ್ದರ ಬಗ್ಗೆ ಮಾತಾಡಬಹುದು.

ನೆರೆಯ ಲಿಂಗಾಯತ ಪರಂಪರೆಯಿಂದಲೂ ನಾನು ಇಲ್ಲಿ ಕಲಿತದ್ದಿದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಅವರವರ ಅಂಕಿತದಲ್ಲಿವೆ. ಅಂಬಿಗರ ಚೌಡಯ್ಯನ ಮಾತು ಅವನ ಹೆಸರಿನಲ್ಲೇ ಮುಗಿಯುತ್ತದೆ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನನಲ್ಲಿ. ಬಸವಣ್ಣನವರು ಎಲ್ಲರ ಪರವಾಗಿ ಬರೆದು ಕೂಡಲಸಂಗಮದೇವನ ಅಂಕಿತ ಹಾಕಿಬಿಡಲಿಲ್ಲ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ ಹೆಸರು ಹೇಳಿ ಬದುಕುವ ಈ ಸೀಮೆಯಲ್ಲಿ ಅವರವರ ಮಾತನ್ನು ಅವರವರೇ ಆಡಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸಮಾಜದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂದು ಸಂಘವನ್ನು ನಾಲ್ಕು ಅಂಗವಾಗಿ ಎಣಿಸಿದ ಧರ್ಮ ನಮ್ಮದು, ಎರಡು ಅಂಗ ಹೆಣ್ಣಿನವು. 1899ರಲ್ಲಿ ನಿಪ್ಪಾಣಿ ಹತ್ತಿರದ ಸ್ತವನಿಧಿ ಕ್ಷೇತ್ರದಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಓದುವ ಹುಡುಗರಿಗೆ ಬೋರ್ಡಿಂಗು ಕಟ್ಟಿ ಎಷ್ಟೋ ಮನೆಗಳನ್ನು ಮೇಲೆತ್ತಿತು. ಅದೇ ದಿಗಂಬರ ಸಂಪ್ರದಾಯ ಹೆಣ್ಣಿಗೆ ಹೆಣ್ಣಿನ ದೇಹದಲ್ಲಿ ಮೋಕ್ಷವಿಲ್ಲ ಎಂದೂ ಹೇಳಿತು, ಎಷ್ಟು ವರ್ಷ ದೀಕ್ಷೆಯಲ್ಲಿದ್ದ ಆರ್ಯಿಕೆಯೂ ನಿನ್ನೆ ದೀಕ್ಷೆ ಪಡೆದ ಮುನಿಗೆ ನಮಿಸಬೇಕು ಎಂದಿತು. ಸ್ಥಾನ ಎಣಿಸಿದ ಮಾತ್ರಕ್ಕೆ ಮಾತಿಗೆ ತೂಕ ಬರುವುದಿಲ್ಲ. ಅದಕ್ಕೇ ಕರಡಿನಲ್ಲಿದ್ದ ‘ಹುಡುಗಿಯರಿಗೆ ಒಂದು ಸ್ಥಾನ’ವನ್ನು ನಾನು ಒಪ್ಪಲಿಲ್ಲ. ವರ್ಗದಲ್ಲಿ ಅರ್ಧಕ್ಕೆ ಅರ್ಧ ಹುಡುಗಿಯರಿರುವ ಕಾಲೇಜಿನಲ್ಲಿ ಒಬ್ಬಳೇ ಎಲ್.ಆರ್. ಅಂದರೆ ಆಕೆ ಗ್ಯಾದರಿಂಗಿನ ರಂಗೋಲಿ ಸ್ಪರ್ಧೆಯ ಉಸ್ತುವಾರಿ ಆಗುತ್ತಾಳೆ, ಅಷ್ಟೇ. ಲೆಕ್ಕಪತ್ರ ಆಕೆಯ ಕೈಗೆ ಬರುವುದಿಲ್ಲ.

ಇನ್ನು ಮೊದಲ ಪ್ರಶ್ನೆಗೆ ಬರುತ್ತೇನೆ. ಒಂಟಿಯಾದ ಜೀವ ತನ್ನ ಮಾತನ್ನು ಇನ್ನೊಬ್ಬರ ಕೈಗೆ ಕೊಡುವುದು ಹೇಗೆ? ಉತ್ತರ ನನಗೆ ಸಿಕ್ಕದ್ದು ಅಜ್ಜಿಯ ಜಪಮಾಲೆಯಲ್ಲಿ. ಮಣಿ 108 ಏಕೆ ಎಂದು ಕೇಳಿದರೆ ಅವಳು ಲೆಕ್ಕ ಹೇಳುತ್ತಿದ್ದಳು. ಮನಸ್ಸು, ಮಾತು, ದೇಹ ಎಂದು ಮೂರು. ಸಂಕಲ್ಪ, ಸಿದ್ಧತೆ, ಆರಂಭ ಎಂದು ಮೂರು. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ಗುಣಿಸಿದರೆ 108. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮ ಒಳಗೆ ಹರಿದುಬರುವ ಬಗೆಗಳನ್ನು ಹೀಗೆಯೇ ಎಣಿಸಿದೆ. ನನಗೆ ಮುಖ್ಯವಾದದ್ದು ಮೂರನೆಯ ಗುಂಪು. ಕೃತ, ಕಾರಿತ, ಅನುಮತ. ಕೈ ನನ್ನದಲ್ಲದಿದ್ದರೂ ನಾನು ಮಾಡಿಸಿದ್ದರೆ ಅದು ನನ್ನದೇ. ಮಾಡಿಸದೆ ಸುಮ್ಮನೆ ತಲೆದೂಗಿದ್ದರೂ ನನ್ನದೇ.

ಪ್ರಾತಿನಿಧ್ಯದ ಅರ್ಥ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಮತ ಹಾಕಿದಾಗ ನನ್ನ ಹೊಣೆ ಪ್ರತಿನಿಧಿಯ ಹೆಗಲಿಗೆ ದಾಟಿ ಹೋಗುವುದಿಲ್ಲ. ಆತ ಮಾಡುವುದು ನಾನು ಮಾಡಿಸಿದ್ದಾಗುತ್ತದೆ. ವರ್ಷವಿಡೀ ಕೇಳದೆ ಕೂತರೆ ನಾನು ಒಪ್ಪಿದ್ದಾಗುತ್ತದೆ. ಏಕತ್ವದ ಪಾಠ ಸುಳ್ಳಾಗಲಿಲ್ಲ, ಇನ್ನೂ ಬಿಗಿಯಾಯಿತು. ಪ್ರಾಚಾರ್ಯರು ಹೆಸರು ಓದಿ ನೇಮಿಸಿದ ಪ್ರತಿನಿಧಿಯ ವಿಷಯದಲ್ಲಿ ವಿದ್ಯಾರ್ಥಿ ಮಾಡಿದ್ದೂ ಇಲ್ಲ, ಮಾಡಿಸಿದ್ದೂ ಇಲ್ಲ. ವಿದ್ಯಾರ್ಥಿಗೆ ಉಳಿಯುವುದು ಚಪ್ಪಾಳೆ ಒಂದೇ. ಹದಿನೆಂಟಕ್ಕೆ ಲೋಕಸಭೆಗೆ ಮತ ಹಾಕುವ ಮಕ್ಕಳನ್ನು ಕಾಲೇಜಿನೊಳಗೆ ಹೊಣೆಯಿಲ್ಲದವರನ್ನಾಗಿ ಇಡುವುದು ನೈತಿಕವಾಗಿ ತಪ್ಪು. ಚುನಾವಣೆ ನಿಲ್ಲಿಸಿದವರು ಹಿಂಸೆ ತಡೆಯಲು ನಿಲ್ಲಿಸಿದರು ಎಂಬುದನ್ನು ನಾನು ಹಗುರವಾಗಿ ನೋಡುವುದಿಲ್ಲ, ಅಹಿಂಸೆಯನ್ನೇ ಪರಮಧರ್ಮ ಎಂದು ಕಲಿತವಳು ನಾನು. ಆದರೆ ಬಾಯಿ ಕಟ್ಟಿ ತಂದ ಶಾಂತಿ ಅಹಿಂಸೆಯಲ್ಲ. ಸಿಟ್ಟನ್ನು ಹತ್ತು ಜನರ ಮುಂದೆ ಮಾತಾಗಿ ಹೇಳಲು ಕಲಿಯದವನು ಅದನ್ನು ಎಲ್ಲಿ ತೋರಿಸುತ್ತಾನೆ ಎಂಬುದು ಹಳ್ಳಿಯ ಪಂಚಾಯಿತಿ ಚುನಾವಣೆ ನೋಡಿದವರಿಗೆಲ್ಲ ಗೊತ್ತು.

ಹಿಂಸೆ, ಹಣ ತಡೆಯಲು ದಾರಿಗಳೂ ಇವೆ. ವಿದ್ಯಾರ್ಥಿ ಚುನಾವಣೆಗಳ ಕುರಿತ ಜೆ.ಎಂ. ಲಿಂಗ್ಡೋ ಸಮಿತಿ ಅವನ್ನು ಬರೆದುಕೊಟ್ಟಿತು, ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು ಜಾರಿಗೆ ತರಲು ಹೇಳಿತು. ಅಭ್ಯರ್ಥಿಯ ಖರ್ಚು 5000 ರೂಪಾಯಿ ಮೀರಬಾರದು, ಅಚ್ಚು ಹಾಕಿಸಿದ ಪೋಸ್ಟರು ಬೇಡ, ಪಕ್ಷದ ಹಣ ಬೇಡ. ಪರಿಸ್ಥಿತಿ ಕೆಟ್ಟ ಕಡೆ ನೇಮಕ ಇರಬಹುದು, ಆದರೆ ಅದು ತಾತ್ಕಾಲಿಕ, ಐದು ವರ್ಷದೊಳಗೆ ಚುನಾವಣೆಗೆ ಬರಬೇಕು. ಇವೆಲ್ಲ ಸರಿ. ಹುಡುಗರು ಹಾಗೆಯೇ ಇಳಿಸಿಕೊಂಡಿದ್ದ ಒಂದು ನಿಯಮ ಮಾತ್ರ ನಮ್ಮ ನೆಲಕ್ಕೆ ಹೊಂದುವುದಿಲ್ಲ: ನಿಲ್ಲುವವರಿಗೆ ಶೇಕಡಾ 75 ಹಾಜರಿ ಇರಬೇಕು, ಬಾಕಿ ವಿಷಯ ಒಂದೂ ಇರಬಾರದು.

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿಯಿತೆಂದರೆ ಕೃಷ್ಣೆಯ ಕಲ್ಲೋಳ-ಯಡೂರ ಸೇತುವೆ ಮುಳುಗುತ್ತದೆ. ದೂಧಗಂಗೆಯ ಮೇಲಿನ ಕಾರದಗಾ-ಭೋಜ, ಮಲಿಕವಾಡ-ದತ್ತವಾಡ ಸೇತುವೆಗಳು ಮುಳುಗುತ್ತವೆ. ಇದು ವರ್ಷಾ ವರ್ಷ ಪತ್ರಿಕೆಯಲ್ಲಿ ಬರುವ ಸುದ್ದಿ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ನದಿದಂಡೆಯ ಹಳ್ಳಿಗಳೇ ನೀರೊಳಗಿದ್ದವು, ಮಕ್ಕಳು ದನಕರುಗಳ ಜೊತೆ ಕಾಳಜಿ ಕೇಂದ್ರದಲ್ಲಿದ್ದರು. ಅಥಣಿಯ ಪೂರ್ವಕ್ಕೆ ಹೋದರೆ ಬರದ ಹಳ್ಳಿಗಳು. ಕಬ್ಬಿನ ಹಂಗಾಮು ಶುರುವಾದರೆ ಅಪ್ಪ-ಅವ್ವನ ಜೊತೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಹೋಗುವ ಹುಡುಗರು ನನ್ನ ವರ್ಗದಲ್ಲಿದ್ದರು. ನಿಪ್ಪಾಣಿಯಲ್ಲಿ ಅವ್ವನ ಪಕ್ಕ ಕೂತು ಬೀಡಿ ಸುತ್ತಿ ಕಾಲೇಜಿಗೆ ಬರುವ ಹುಡುಗಿಯರಿದ್ದರು. ಇವರ ಹಾಜರಿ 75 ಮುಟ್ಟುವುದು ಕಷ್ಟ, ಒಂದೆರಡು ವಿಷಯ ಬಾಕಿ ಉಳಿಯುವುದು ಸಹಜ. ಕಾಲೇಜಿನಲ್ಲಿ ಯಾರ ಮಾತು ಕೇಳಿಸುವುದು ಅತಿ ಅಗತ್ಯವೋ ಅವರನ್ನೇ ಆರಿಸಿ ಹೊರಗಿಡುವ ನಿಯಮ ಇದು. ಗೂಂಡಾಗಳನ್ನು ತಡೆಯಲು ಬರೆದದ್ದು ಯಡೂರಿನ ಹುಡುಗಿಯನ್ನು ತಡೆಯುತ್ತದೆ. ಇದನ್ನು ಓದಿ ತೋರಿಸಿದಾಗ ಹುಡುಗರಿಗೆ ಬೇಗ ಅರ್ಥವಾಯಿತು, ಏಕೆಂದರೆ ಅವರಲ್ಲಿಯೇ ಇಬ್ಬರಿಗೆ ಹಾಜರಿ ಕಡಿಮೆ ಇತ್ತು.

ಭಾಷೆಯ ಮಾತು ಬಂದಾಗ ಜಗಳವಾಗಬಹುದೆಂದು ಎಲ್ಲರೂ ಮೆತ್ತಗಾದರು. ರಾಜ್ಯಗಳ ಗಡಿ ವಿವಾದದ ಬಗೆಗಿನ 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರದ ಕಡೆ ಬರೆದ ಮೇಲೆ ಇಲ್ಲಿ ಭಾಷೆ ಎಂದರೆ ಗಡಿ ಎಂದೇ ಆಗಿದೆ. ನಮ್ಮ ಮನೆಯಲ್ಲಿ ಪೂಜೆಯ ಪುಸ್ತಕ ಮರಾಠಿಯದು, ಜಗಳ ಕನ್ನಡದ್ದು. ಸಂಘದ ನಡಾವಳಿ ಕನ್ನಡದಲ್ಲಿರಲಿ, ಅದರಲ್ಲಿ ನನಗೆ ಸಂದೇಹವಿಲ್ಲ. ಸಭೆಯಲ್ಲಿ ಮರಾಠಿಯಲ್ಲಿ ಎದ್ದು ನಿಂತವರ ಮಾತನ್ನು ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಬೇಕು ಎಂಬ ಸಾಲೂ ಇರಲಿ. ಕನ್ನಡಕ್ಕೆ ಅದರಿಂದ ಬಲವೇ ಬರುತ್ತದೆ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿಯ ಕಾಲೇಜುಗಳಲ್ಲಿ ಇಂಥ ಕರಡು ಬರೆಯುತ್ತಿರುವ ಮಕ್ಕಳಲ್ಲಿ, ಅದನ್ನು ಓದಲಿರುವ ಪ್ರಾಚಾರ್ಯರಲ್ಲಿ ನನ್ನ ವಿನಂತಿ ಇಷ್ಟು. ಅಂಕದ ಮೇಲಿನ ನೇಮಕವನ್ನು ತೆಗೆದುಹಾಕಿ, ಪ್ರತಿ ಪ್ರತಿನಿಧಿಯನ್ನೂ ಮತದಿಂದ ಆರಿಸಿ. ಹೊರ ಊರಿನಿಂದ ದಿನಾ ಬರುವವರಿಗೆ, ಹಾಸ್ಟೆಲಿನವರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಸ್ಥಾನ ಬರೆಯಿರಿ, ಹುಡುಗಿಯರಿಗೆ ಅವರ ಸಂಖ್ಯೆಗೆ ತಕ್ಕಷ್ಟು ಬರೆಯಿರಿ. ಖಜಾಂಚಿಯ ಸ್ಥಾನ ಒಂದು ವರ್ಷ ಹುಡುಗಿಗೆ, ಒಂದು ವರ್ಷ ಹುಡುಗನಿಗೆ ಇರಲಿ. ಆರಿಸಿದವರು ತಿಂಗಳಿಗೊಮ್ಮೆ ವರ್ಗಕ್ಕೆ ಬಂದು ಏನು ಮಾಡಿದರೆಂದು ಹೇಳಲೇಬೇಕೆಂದೂ, ಹೇಳದವರನ್ನು ಅದೇ ವರ್ಗ ಮತ ಹಾಕಿ ಕೆಳಗಿಳಿಸಬಹುದೆಂದೂ ಒಂದು ಕಲಮು ಸೇರಿಸಿ. ಸೇತುವೆ ಮುಳುಗಿದ ದಿನಗಳನ್ನು ತಹಶೀಲ್ದಾರರ ಕಚೇರಿಯಿಂದ ತಿಳಿದುಕೊಂಡು, ಆ ದಿನಗಳನ್ನು ಹಾಜರಿಯ ಲೆಕ್ಕದಿಂದ ಬಿಟ್ಟುಬಿಡಿ. ಕರಡನ್ನು ಅಂತಿಮಗೊಳಿಸುವ ಸಭೆಯನ್ನು ಸಂಜೆ ಬಸ್ಸು ಹೊರಡುವ ಮೊದಲೇ ಮುಗಿಯುವಂತೆ ಕರೆಯಿರಿ.