ನಗುವಿಗೂ ಒಂದು ಹೊಣೆಯಿದೆ

ಅಧಿಕಾರಸ್ಥರನ್ನು ಕಂಡು ನಗುವುದು ಒಳ್ಳೆಯದೇ? ಒಳ್ಳೆಯದೆಂದೇ ನಾವು ಸಾಮಾನ್ಯವಾಗಿ ನಂಬುತ್ತೇವೆ. ಹೆದರಿ ನಡುಗುವವನಿಗೆ ನಗು ಬರುವುದಿಲ್ಲ. ನಕ್ಕವನು ಅಷ್ಟರ ಮಟ್ಟಿಗಾದರೂ ಭಯದಿಂದ ಬಿಡುಗಡೆ ಪಡೆದಿರುತ್ತಾನೆ. ಆದರೆ ನಗುತ್ತ ನಗುತ್ತ, ಪ್ರಶ್ನಿಸಬೇಕಾದವರನ್ನೇ ನಾವು ಮುದ್ದಿಸತೊಡಗಿದರೆ? ಅಮೆರಿಕದ ಹಳೆಯ ಟಿ.ವಿ. ಧಾರಾವಾಹಿಯೊಂದು ಚಲನಚಿತ್ರವಾದ ಬಗೆಯನ್ನು ನೋಡಿದಾಗ ಈ ಪ್ರಶ್ನೆ ಏಳುತ್ತದೆ.

ಮೆಲ್ ಬ್ರೂಕ್ಸ್ ಮತ್ತು ಬಕ್ ಹೆನ್ರಿ ಸೃಷ್ಟಿಸಿದ 'ಗೆಟ್ ಸ್ಮಾರ್ಟ್' 1965ರಿಂದ 1970ರ ವರೆಗೆ ಪ್ರಸಾರವಾಯಿತು. ಅದು ಜೇಮ್ಸ್ ಬಾಂಡ್ ಚಿತ್ರಗಳ ಭರಾಟೆಯ ಕಾಲ. ಡಾನ್ ಆಡಮ್ಸ್ ಅಭಿನಯಿಸಿದ ಏಜೆಂಟ್ 86 ಬಾಂಡ್‌ನ ತದ್ವಿರುದ್ಧ: ಜಂಬ ಬೆಟ್ಟದಷ್ಟು, ಬುದ್ಧಿ ಸಾಸಿವೆಯಷ್ಟು. ಅವನ ಟೆಲಿಫೋನು ಇರುವುದು ಬೂಟಿನೊಳಗೆ. ಗುಟ್ಟು ಮಾತನಾಡಲು ತಲೆಯ ಮೇಲೆ ಇಳಿಸಿಕೊಳ್ಳುವ ಗಾಜಿನಂಥ ಗುಮ್ಮಟದೊಳಗೆ ಕುಳಿತವರಿಗೆ ಒಬ್ಬರ ಮಾತು ಇನ್ನೊಬ್ಬರಿಗೇ ಕೇಳಿಸದು. ಗೋಪ್ಯತೆಯ ಗೀಳು ಹತ್ತಿದ ಆಡಳಿತಕ್ಕೆ ಇದಕ್ಕಿಂತ ಒಳ್ಳೆಯ ರೂಪಕ ಬೇಕೇ?

ಇದೆಲ್ಲ ಬರೀ ತಮಾಷೆಯೆಂದುಕೊಂಡವರಿಗೆ 1975ರಲ್ಲಿ ಉತ್ತರ ಸಿಕ್ಕಿತು. ಅಮೆರಿಕದ ಸೆನೆಟ್ ನೇಮಿಸಿದ್ದ ಚರ್ಚ್ ಸಮಿತಿ ಸಿ.ಐ.ಎ.ಯ ಸಂಚುಗಳನ್ನು ಬಯಲಿಗೆಳೆಯಿತು. ಫಿಡೆಲ್ ಕ್ಯಾಸ್ಟ್ರೋರ ವಿರುದ್ಧ ಹೂಡಿದ ಉಪಾಯಗಳಲ್ಲಿ ವಿಷದ ಸಿಗಾರ್, ಸಿಡಿಯುವ ಕಪ್ಪೆಚಿಪ್ಪು ಎಲ್ಲವೂ ಇದ್ದವು. ಅಂದರೆ ವಾಸ್ತವವು ವಿಡಂಬನೆಯನ್ನೂ ಮೀರಿಸಿತ್ತು. ಆದರೆ ಅದೇ ವರದಿಯಲ್ಲಿ ಕಾಂಗೋದ ಪ್ಯಾಟ್ರಿಸ್ ಲುಮುಂಬಾರನ್ನು ಕೊಲ್ಲಲು 1960ರಲ್ಲಿ ವಿಷ ಕಳುಹಿಸಿದ ವಿವರವೂ ಇದೆ. ಆ ವಿಷ ಬಳಕೆಯಾಗಲಿಲ್ಲ. ಆದರೂ 1961ರ ಜನವರಿಯಲ್ಲಿ ಅವರು ವಿರೋಧಿಗಳ ಗುಂಡಿಗೆ ಬಲಿಯಾದರು. ಕಪ್ಪೆಚಿಪ್ಪಿನ ಕತೆಗೆ ನಗಬಹುದು. ಲುಮುಂಬಾರ ಕತೆಗೆ ನಗಲಾದೀತೇ? ಎರಡೂ ಹುಟ್ಟಿದ್ದು ಒಂದೇ ಕಚೇರಿಯಲ್ಲಿ.

2008ರಲ್ಲಿ ಪೀಟರ್ ಸೀಗಲ್ ಇದೇ ಧಾರಾವಾಹಿಯನ್ನು ಚಲನಚಿತ್ರವಾಗಿಸಿದರು. ಸ್ಟೀವ್ ಕ್ಯಾರೆಲ್ ಅಭಿನಯದ ಇಲ್ಲಿನ ನಾಯಕ ಪೆದ್ದನಲ್ಲ. ಶತ್ರುಗಳ ಮಾತುಕತೆಯನ್ನು ಕದ್ದಾಲಿಸಿ, ಉದ್ದುದ್ದ ವರದಿ ಬರೆಯುವ ಶ್ರದ್ಧಾವಂತ ನೌಕರ. ಆತ ಎಡವುತ್ತಾನೆ ನಿಜ, ಆದರೆ ಕೊನೆಗೆ ಗೆಲ್ಲುತ್ತಾನೆ. ಅಮೆರಿಕದ ಸರ್ಕಾರ ನ್ಯಾಯಾಲಯದ ವಾರೆಂಟ್ ಇಲ್ಲದೆಯೇ ತನ್ನವರ ದೂರವಾಣಿ ಮಾತುಗಳನ್ನು ಆಲಿಸುತ್ತಿದೆಯೆಂಬ ಸುದ್ದಿ 2005ರ ಡಿಸೆಂಬರಿನಲ್ಲಷ್ಟೇ ಹೊರಬಿದ್ದಿತ್ತು. ಅಂಥ ಹೊತ್ತಿನಲ್ಲಿ ಕದ್ದಾಲಿಸುವವನು ನಮ್ಮ ಪಕ್ಕದ ಮನೆಯ ಪಾಪದ ಮನುಷ್ಯನಾಗಿಬಿಟ್ಟ. ಮೊದಲಿನ ನಗು ಚುಚ್ಚುತ್ತಿತ್ತು; ಇದು ನೇವರಿಸಿತು.

ಹಾಗೆಂದು ಚಿತ್ರವನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ಹಿಮಾಚಲ ಪ್ರದೇಶದ ದೈತ್ಯ ಕುಸ್ತಿಪಟು ಗ್ರೇಟ್ ಖಲಿ ಇದರಲ್ಲಿ ಶತ್ರುಪಡೆಯ ಬಂಟ. ತನ್ನನ್ನು ಕೊಲ್ಲಬಂದ ಅವನೊಡನೆ ನಾಯಕ ಅವನ ದಾಂಪತ್ಯದ ಅಳಲಿನ ಬಗ್ಗೆ ಮಾತನಾಡುತ್ತಾನೆ. ಶತ್ರುವೂ ಮನುಷ್ಯನೆಂದು ಗುರುತಿಸಿದ ಆ ಒಂದು ಕ್ಷಣ ಮುಂದೆ ಒಂದು ನಗರವನ್ನೇ ಉಳಿಸಲು ನೆರವಾಗುತ್ತದೆ. ಕದ್ದು ಕೇಳಿದ ಮಾತಿಗೆ ಬೆಲೆ ಬಂದದ್ದು, ಅದರೊಳಗಿನ ನೋವು ಕೇಳುಗನಿಗೆ ತಟ್ಟಿದಾಗ.

ಅಧಿಕಾರವನ್ನು ಕಂಡು ನಗೋಣ. ನಗುವುದು ನಮ್ಮ ಹಕ್ಕು. ಆದರೆ ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಈ ನಗು ನಮ್ಮನ್ನು ಎಚ್ಚರಿಸಿತೇ, ಜೋಗುಳ ಹಾಡಿ ಮಲಗಿಸಿತೇ? ಗೂಢಚಾರನ ಮುಗ್ಗರಿಕೆಗೆ ನಕ್ಕವರು, ಅವನ ಕೈಗೆ ಸಿಕ್ಕಿ ನರಳಿದವರನ್ನು ಮರೆತರೆ ಆ ನಗು ನಮ್ಮದಾಗಿ ಉಳಿಯುವುದಿಲ್ಲ. ಅದು ಅಧಿಕಾರದ ಸೊತ್ತಾಗುತ್ತದೆ.