ಯುದ್ಧಕ್ಕೆ ಒಪ್ಪಿಗೆ ಬೇಡುವ ಮಾತು

ಸಾಮಾನ್ಯನು ಆಡಿದ ಸುಳ್ಳು ಅವನ ಕೇರಿಯನ್ನು ದಾಟಿ ಬಹುದೂರ ಹೋಗಲಾರದು. ಆಳುವವನ ಮಾತು ಹಾಗಲ್ಲ. ಅದರ ಹಿಂದೆ ಸೈನ್ಯ ನಡೆಯುತ್ತದೆ. ಆದುದರಿಂದ ರಾಷ್ಟ್ರಾಧ್ಯಕ್ಷನೊಬ್ಬನು ಪರದೇಶದೊಳಗೆ ಸೈನ್ಯವನ್ನು ನುಗ್ಗಿಸಿ ಅದಕ್ಕೆ ತನ್ನ ಪ್ರಜೆಗಳ ಬೆಂಬಲವನ್ನು ಕೋರಿದಾಗ, ಆ ಮಾತನ್ನು ಧರ್ಮದೃಷ್ಟಿಯಿಂದ ಪರೀಕ್ಷಿಸುವುದು ರಾಜಕಾರಣಿಗಳಿಗೆ ಮಾತ್ರ ಬಿಟ್ಟ ಕೆಲಸವಲ್ಲ. ಅಂಥ ಪರೀಕ್ಷೆಗಾಗಿ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1970ರ ಏಪ್ರಿಲ್ 30ರ ರಾತ್ರಿ ದೂರದರ್ಶನದಲ್ಲಿ ಮಾಡಿದ ಭಾಷಣವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಅದು ಹಳೆಯದಾಗಿರುವುದೇ ಒಂದು ಅನುಕೂಲ. ಅಂದು ಮರೆಯಲ್ಲಿದ್ದುದು ಅನಂತರ ಬೆಳಕಿಗೆ ಬಂದಿರುವುದರಿಂದ ಮಾತನ್ನೂ ಸಂಗತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲವದು. ನೆರೆಯ ಕಾಂಬೋಡಿಯ ಸುಮಾರು 70 ಲಕ್ಷ ಜನರ ಪುಟ್ಟ ದೇಶ. 1954ರ ಜಿನೀವಾ ಒಪ್ಪಂದದ ತರುವಾಯ ತಟಸ್ಥವಾಗಿದ್ದಿತು. ಆ ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳುವ ಆಯೋಗಕ್ಕೆ ನಮ್ಮ ಭಾರತವೇ ಅಧ್ಯಕ್ಷಸ್ಥಾನದಲ್ಲಿತ್ತು. 1970ರ ಮಾರ್ಚ್ 18ರಂದು ರಾಜಕುಮಾರ ಸಿಹಾನೂಕ್ ಪದಚ್ಯುತನಾಗಿ, ಅಧಿಕಾರ ಲಾನ್ ನಾಲ್‌ನ ಕೈಸೇರಿತು. ಆ ದೇಶದ ಗಡಿಪ್ರದೇಶದಲ್ಲಿ ಉತ್ತರ ವಿಯೆಟ್ನಾಮಿನ ಸೈನಿಕರು ನೆಲೆಯೂರಿದ್ದುದು ನಿಜ. ಅಧ್ಯಕ್ಷನ ಮಾತೆಲ್ಲವೂ ಮಿಥ್ಯೆಯೆಂದು ಯಾರೂ ಹೇಳಲಾರರು. ಪೂರ್ತಿ ಮಿಥ್ಯೆಯಾಗಿದ್ದರೆ ಇಷ್ಟು ವಿಚಾರಿಸುವ ಅಗತ್ಯವೂ ಇರುತ್ತಿರಲಿಲ್ಲ.

ಅಂದು ಅಧ್ಯಕ್ಷನು ಭೂಪಟವೊಂದನ್ನು ತೋರಿಸಿ, ತನ್ನ ಮುಂದೆ ಮೂರು ಮಾರ್ಗಗಳಿವೆಯೆಂದನು. ಸುಮ್ಮನಿರುವುದು ಒಂದು, ಕಾಂಬೋಡಿಯಕ್ಕೆ ಭಾರಿ ಸೈನಿಕ ನೆರವು ನೀಡುವುದು ಇನ್ನೊಂದು, ತೊಂದರೆಯ ಮೂಲಕ್ಕೇ ಕೈಹಾಕುವುದು ಮೂರನೆಯದು. ಮೊದಲನೆಯದು ಅಪಾಯಕರ, ಎರಡನೆಯದು ಸಕಾಲಕ್ಕೆ ಒದಗದು, ಆದ್ದರಿಂದ ಮೂರನೆಯದೇ ಗತಿ. ನಮ್ಮ ತಾರ್ಕಿಕರು ಇದನ್ನು ಪರಿಶೇಷಾನುಮಾನವೆನ್ನುತ್ತಾರೆ. ಸಂಭವವಿರುವ ಪಕ್ಷಗಳನ್ನೆಲ್ಲ ಎಣಿಸಿದ್ದರೆ ಮಾತ್ರ ಅದು ಸಾಧು. ಒಂದನ್ನು ಬಿಟ್ಟರೂ ಕೆಡುತ್ತದೆ. ಪ್ಯಾರಿಸ್ಸಿನಲ್ಲಿ ಸಂಧಾನ ನಡೆಯುತ್ತಲೇ ಇದ್ದಿತು. ಭಾಷಣದಲ್ಲಿ ಬೇರೆಡೆ ಅದರ ಪ್ರಸ್ತಾಪವೂ ಉಂಟು. ಮಾರ್ಗಗಳ ಎಣಿಕೆಯಲ್ಲಿ ಮಾತ್ರ ಅದಕ್ಕೆ ಎಡೆಯಿಲ್ಲ.

ಇದು ಕಾಂಬೋಡಿಯದ ಮೇಲಣ ಆಕ್ರಮಣವಲ್ಲ ಎಂದು ಮುಂದೆ ಹೇಳಿದನು. ದಾಳಿಗೊಳಗಾಗುವ ಪ್ರದೇಶಗಳು ಪೂರ್ಣವಾಗಿ ಉತ್ತರ ವಿಯೆಟ್ನಾಮಿನ ವಶದಲ್ಲಿವೆ, ಕೆಲಸ ಮುಗಿದೊಡನೆ ನಾವು ಹಿಂದಿರುಗುತ್ತೇವೆ ಎಂಬುದು ಅವನು ಕೊಟ್ಟ ಕಾರಣ. ನ್ಯಾಯಶಾಸ್ತ್ರದಲ್ಲಿ ಛಲವೆಂದೊಂದು ದೋಷವಿದೆ. ಕನ್ನಡದ ಹಟವೆಂಬ ಅರ್ಥ ಅಲ್ಲಿಲ್ಲ; ಒಬ್ಬನಾಡಿದ ಶಬ್ದಕ್ಕೆ ಬೇರೊಂದು ಅರ್ಥವನ್ನು ಹಚ್ಚಿ ವಾದವನ್ನು ಕೆಡಿಸುವುದೇ ಛಲ. ಶಾಸ್ತ್ರಕಾರರ ಪ್ರಕಾರ ಅದನ್ನು ಮಾಡುವವನು ಪ್ರತಿವಾದಿ. ಇಲ್ಲಿ ವಾದಿಯೇ ತನ್ನ ಕ್ರಿಯೆಯ ಹೆಸರನ್ನು ತಾನೇ ತಿರುಚಿದ್ದಾನೆ. ನೆರೆಯವನ ಹಿತ್ತಲಲ್ಲಿ ಕಳ್ಳನು ಅಡಗಿದ್ದಾನೆಂದು ಬಂದೂಕು ಹಿಡಿದು ಬೇಲಿ ಹಾರಿದವನು, ಹಿತ್ತಲು ಈಗ ಕಳ್ಳನ ಕೈಯಲ್ಲಿರುವುದರಿಂದ ತಾನು ನೆರೆಯವನ ಹಿತ್ತಲನ್ನು ಹೊಕ್ಕೇ ಇಲ್ಲ ಎಂದರೆ ಹೇಗೋ ಹಾಗಿದೆ ಇದು. ಕಳ್ಳನನ್ನು ಹಿಡಿಯಬಾರದೆಂದು ನಾವು ಹೇಳುತ್ತಿಲ್ಲ. ಆದರೆ ಮನೆಯವನನ್ನು ಒಂದು ಮಾತು ಕೇಳಬೇಡವೇ? ಕಾಂಬೋಡಿಯವು ನೆರವು ಬೇಡಿದ್ದುಂಟು. ತನ್ನ ನೆಲಕ್ಕೆ ಅಮೆರಿಕದ ಸೈನ್ಯ ಬರಲಿರುವ ವಿಷಯದಲ್ಲಿ ಮಾತ್ರ ಲಾನ್ ನಾಲ್‌ನ ಸಮ್ಮತಿಯನ್ನು ಮೊದಲಾಗಿ ಪಡೆದಿರಲಿಲ್ಲ.

ಇವು ತರ್ಕದ ದೋಷಗಳು. ಇನ್ನು ಹೇಳುವುದು ಅಧರ್ಮದ ಮಾತು. ಐದು ವರ್ಷಗಳಿಂದ ಅಮೆರಿಕವಾಗಲಿ ದಕ್ಷಿಣ ವಿಯೆಟ್ನಾಮಾಗಲಿ ಈ ನೆಲೆಗಳ ವಿರುದ್ಧ ಕೈಯೆತ್ತಿಲ್ಲ, ತಟಸ್ಥರಾಷ್ಟ್ರದ ನೆಲವನ್ನು ಉಲ್ಲಂಘಿಸುವ ಇಚ್ಛೆ ನಮಗಿರಲಿಲ್ಲ ಎಂದು ಅಧ್ಯಕ್ಷನು ಜನರಿಗೆ ತಿಳಿಸಿದನು. ಆದರೆ 1969ರ ಮಾರ್ಚ್ 18ರಿಂದಲೇ ಅವನ ಅಪ್ಪಣೆಯಂತೆ ಬಿ-52 ವಿಮಾನಗಳು ಅದೇ ಗಡಿಪ್ರದೇಶದ ಮೇಲೆ ಗುಟ್ಟಾಗಿ ಬಾಂಬು ಸುರಿಸುತ್ತಿದ್ದುವು. ‘ಮೆನು’ ಎಂಬ ಗುಪ್ತನಾಮದ ಆ ಕಾರ್ಯಾಚರಣೆ 14 ತಿಂಗಳು ನಡೆಯಿತು. ವಿಮಾನಗಳು ಹಾರಿದ್ದು 3,600ಕ್ಕೂ ಹೆಚ್ಚು ಬಾರಿ. ಬಾಂಬು ಬಿದ್ದುದು ದಕ್ಷಿಣ ವಿಯೆಟ್ನಾಮಿನಲ್ಲಿ ಎಂಬಂತೆ ಸೈನ್ಯದ ದಾಖಲೆಗಳನ್ನೇ ಸುಳ್ಳಾಗಿ ಬರೆಯಿಸಲಾಯಿತು. ಕುರುಕ್ಷೇತ್ರದಲ್ಲಿ ಧರ್ಮರಾಯನು ಅಶ್ವತ್ಥಾಮನ ವಿಷಯದಲ್ಲಿ ಆನೆಯ ಮಾತನ್ನು ಮೆಲ್ಲಗಾದರೂ ಸೇರಿಸಿದ್ದನು. ಅಷ್ಟಕ್ಕೇ ನೆಲ ಸೋಕದೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತೆನ್ನುತ್ತಾರೆ. ಇಲ್ಲಿ ಮೆಲ್ಲಗೆ ಸೇರಿಸಿದ ಮಾತೂ ಇಲ್ಲ.

ಯುದ್ಧಕಾಲದಲ್ಲಿ ರಹಸ್ಯ ಬೇಡವೇ, ಕೌಟಿಲ್ಯನಾದಿಯಾಗಿ ರಾಜನೀತಿಜ್ಞರು ಮಂತ್ರಗುಪ್ತಿಯನ್ನು ಎತ್ತಿಹಿಡಿದಿಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಆದರೆ ಈ ರಹಸ್ಯ ಯಾರಿಂದ ಕಾಪಾಡಿದ್ದು? ಬಾಂಬಿನ ಕೆಳಗಿದ್ದ ಶತ್ರುಸೈನಿಕನಿಗೆ ಅದು ತಿಳಿದಿತ್ತು. ಗದ್ದೆಯಲ್ಲಿದ್ದ ಕಾಂಬೋಡಿಯದ ರೈತನಿಗೂ ತಿಳಿದಿತ್ತು. ತಿಳಿಯದಿದ್ದವರು, ಶಾಸನಸಭೆಯ ಬೆರಳೆಣಿಕೆಯ ಮುಖಂಡರನ್ನುಳಿದು, ಯಾರ ಬೆಂಬಲವನ್ನು ಅಂದು ಬೇಡಲಾಯಿತೋ ಆ ಅಮೆರಿಕದ ಜನರು. ಕೌಟಿಲ್ಯನ ಅರಸನು ಪ್ರಜೆಗಳ ಒಪ್ಪಿಗೆ ಕೇಳಿ ದಂಡು ಕಳಿಸುವವನಲ್ಲ. ಒಪ್ಪಿಗೆ ಕೇಳುವ ಅಧ್ಯಕ್ಷನಿಗೆ ಮೌನದ ಹಕ್ಕು ಒಂದು ಮಿತಿಯವರೆಗೆ ಇರಬಹುದು. ಸಂಗತಿಯನ್ನು ತಲೆಕೆಳಗು ಮಾಡಿ ಹೇಳುವ ಹಕ್ಕು ಇರಲಾರದು. ತಿಳಿಯಬೇಕಾದುದನ್ನು ಬಚ್ಚಿಟ್ಟು ಪಡೆದ ಒಪ್ಪಿಗೆ, ಕುರುಡನಿಂದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಂತೆ.

ಭಾಷಣದ ಕೊನೆಯ ಭಾಗ ಇನ್ನೂ ವಿಚಾರಾರ್ಹ. ಕೇಳುವವರನ್ನು ಒಲಿಸುವ ಸಾಧನಗಳನ್ನು ಅರಿಸ್ಟಾಟಲ್ ಮೂರಾಗಿ ವಿಂಗಡಿಸಿದನು: ಮಾತಿನ ಯುಕ್ತಿ, ಕೇಳುಗರ ಭಾವ, ವಕ್ತಾರನ ಶೀಲ. ನಿಕ್ಸನ್ನನ ಭಾಷಣ ಮೊದಲನೆಯದರಿಂದ ಹೊರಟು ಮೂರನೆಯದರಲ್ಲಿ ನೆಲೆನಿಲ್ಲುತ್ತದೆ. ಪರೀಕ್ಷೆಗೊಳಗಾಗಿರುವುದು ನಮ್ಮ ಬಲವಲ್ಲ, ನಮ್ಮ ಸಂಕಲ್ಪ ಮತ್ತು ಶೀಲ ಎನ್ನುತ್ತಾನೆ. ತಾನು ಒಂದೇ ಅವಧಿಯ ಅಧ್ಯಕ್ಷನಾದರೂ ಸರಿಯೇ, ತನಗೆ ಸರಿತೋರಿದುದನ್ನೇ ಮಾಡುವೆನೆನ್ನುತ್ತಾನೆ. ಹಿಂದೆ ಅದೇ ಕೋಣೆಯಲ್ಲಿ ಕುಳಿತು ನಿರ್ಣಯ ಕೈಗೊಂಡ ವಿಲ್ಸನ್ ಮೊದಲಾದವರನ್ನು ನೆನೆಯುತ್ತಾನೆ. ಆರಂಭದಲ್ಲಿ ಭೂಪಟದ ಮೇಲಾದರೂ ಇದ್ದ ಕಾಂಬೋಡಿಯ ಈ ಹೊತ್ತಿಗೆ ಮರೆಯಾಗಿ, ವಿಷಯ ಅಮೆರಿಕದ ಗೌರವವೊಂದೇ ಆಗಿರುತ್ತದೆ. ತ್ಯಾಗವೆಂಬ ಶಬ್ದವನ್ನು ಬಾಳಿನಲ್ಲಿ ತೂಕವಾಗಿ ಬಳಸುವವರು ಇದನ್ನು ಗಮನಿಸಬೇಕು. ಇಲ್ಲಿ ಪದವಿಯನ್ನು ತ್ಯಜಿಸಲು ಸಿದ್ಧನೆನ್ನುವವನು ಒಬ್ಬ, ಮನೆ ಸುಟ್ಟುಹೋಗಲಿರುವವರು ಬೇರೆ. ಆ ಎರಡನೆಯವರ ಸಂಕಟವನ್ನು ತೂಗಿನೋಡುವ ಮಾತು ಆ ಭಾಷಣದಲ್ಲಿಲ್ಲ.

ಮುಂದಿನದು ಇತಿಹಾಸ. ಮೇ 4ರಂದು ಓಹಾಯೋದ ಕೆಂಟ್ ವಿಶ್ವವಿದ್ಯಾಲಯದಲ್ಲಿ ಪ್ರತಿಭಟನೆಯ ವೇಳೆ ಸೈನಿಕರ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ದಾಳಿಯಲ್ಲಿ ಶತ್ರುವಿನ ಶಸ್ತ್ರಗಳೂ ಅಕ್ಕಿಯೂ ಹೇರಳವಾಗಿ ಸಿಕ್ಕಿದುವು; ಭಾಷಣದಲ್ಲಿ ಹೆಸರಿಸಿದ್ದ ಪ್ರಧಾನ ಸೇನಾಕೇಂದ್ರ ಮಾತ್ರ ಸಿಗಲಿಲ್ಲ. ಗುಪ್ತ ಬಾಂಬುದಾಳಿ 1973ರಲ್ಲಿ ಸೆನೆಟ್ ವಿಚಾರಣೆಯಲ್ಲಿ ಬಯಲಾಯಿತು. 1974ರ ಜುಲೈ 30ರಂದು ಶಾಸನಸಭೆಯ ನ್ಯಾಯಾಂಗ ಸಮಿತಿಯ ಮುಂದೆ, ಆ ದಾಳಿಯನ್ನು ಮುಚ್ಚಿಟ್ಟುದಕ್ಕಾಗಿ ಅಧ್ಯಕ್ಷನ ಮೇಲೆ ದೋಷಾರೋಪಣೆ ಹೊರಿಸುವ ಸೂಚನೆ ಬಂದಿತು. ಪರವಾಗಿ 12 ಮತಗಳು, ವಿರುದ್ಧವಾಗಿ 26. ಹತ್ತು ದಿನಗಳ ಬಳಿಕ ನಿಕ್ಸನ್ ಪದವಿ ಬಿಟ್ಟುದು ವಾಟರ್‌ಗೇಟ್ ಪ್ರಕರಣದಿಂದಾಗಿ, ಕಾಂಬೋಡಿಯದಿಂದಾಗಿ ಅಲ್ಲ.